ಹೊಳವು ಕಾಯುವ ಸೈನಿಕರು

ಜುಲೈಯಲ್ಲಿ ಕೊಟ್ಟಿಗೆಹಾರಕ್ಕೆ ಹೋಗುವಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆ ಹತ್ತು ಸೈನಿಕರೂ ಇದ್ದರು. ವಾರ್‌ಹ್ಯಾಮರ್ 40,000 ಅಂತ ಒಂದು ಆಟ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಶುರುಮಾಡಿದ್ದು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಬಳಿದು, ಮೇಜಿನ ಮೇಲೆ ಭವಿಷ್ಯದ ಯುದ್ಧ ಆಡೋದು.

ಬಹಳಷ್ಟು ಜನ ಆರಿಸೋದು ಸ್ಪೇಸ್ ಮರೀನ್‌ಗಳನ್ನ. ದೈತ್ಯರು, ಮೈತುಂಬಾ ಕವಚ. ನಾನು ತಗೊಂಡಿದ್ದು ಕೇಡಿಯನ್ ಕಾಲಾಳುಗಳನ್ನ. ಕೈಯಲ್ಲೊಂದು ಲೇಸರ್ ಬಂದೂಕು ಬಿಟ್ಟರೆ ನಮ್ಮಂಥ ಮನುಷ್ಯರೇ. ಸಾಫ್ಟ್‌ವೇರಿನವನಿಗೆ ಇವರೇ ಹತ್ತಿರ ಅನ್ನಿಸ್ತಾರೆ :)

ಜಗಲಿಯಲ್ಲಿ ನಿಂತು ಮೂವರಿಗೆ ಪ್ರೈಮರ್ ಸ್ಪ್ರೇ ಹೊಡೆದೆ. ಗಾಳಿಯ ತೇವಕ್ಕೆ ಬೂದಿ ಮೆತ್ತಿದ ಹಾಗೆ ತರಿತರಿಯಾಗಿ ಮುಖಗಳೇ ಮುಚ್ಚಿಹೋದವು.

ಅಪ್ಪ ನೋಡಿದರು. ನಾನು ಇಂಜಿನಿಯರಿಂಗ್ ಸೇರಿದ ಮೇಲೆ ನಮ್ಮ ಮಾತು "ಊಟ ಆಯ್ತಾ", "ಮಳೆ ಎಷ್ಟಾಯ್ತು" ಅನ್ನೋದರಲ್ಲೇ ಮುಗಿಯುತ್ತೆ. ಬೈತಾರೆ ಅಂದುಕೊಂಡೆ.

"ಬೋರ್ಡೋ ಹೊಡಿಯೋಕೆ ಹೊಳವು ಕಾಯಲ್ವಾ ಮಾರಾಯ? ಎಲೆ ಒದ್ದೆ ಇದ್ರೆ ಔಷಧಿ ಹಿಡಿಯುತ್ತಾ? ಕುಂಚದಲ್ಲಿ ಹಚ್ಚು, ತೆಳ್ಳಗೆ."

ಉಳಿದ ಏಳು ಜನಕ್ಕೆ ಕುಂಚದಲ್ಲೇ ಹಚ್ಚಿದೆ. ಒಂದೊಂದು ಕೋಟೂ ಒಣಗೋಕೆ ಅರ್ಧ ದಿನ. ಕಾಯುತ್ತಾ ಅಪ್ಪನೂ ಪಕ್ಕದಲ್ಲಿ ಕೂತರು. ಕನ್ನಡಕ ಏರಿಸಿ ಒಬ್ಬನನ್ನು ಎತ್ತಿ ನೋಡಿ, "ಇವನಿಗೆ ಕಂಬಳಿಕೊಪ್ಪೆ ಇಲ್ವಾ?" ಅಂದರು.

ಅವನಿಗೆ ಮಾತ್ರ ಕಂಬಳಿಯ ಕಪ್ಪುಗಂದು ಬಣ್ಣ ಹಚ್ಚಿದೆ. ಬೆಂಗಳೂರಿಗೆ ತರಲಿಲ್ಲ. ಅಪ್ಪನ ಮಳೆ ಲೆಕ್ಕದ ಪುಸ್ತಕದ ಪಕ್ಕ ಕಾವಲು ನಿಂತಿದ್ದಾನೆ.

ಈಗ ಫೋನಿನಲ್ಲಿ ಮಳೆ ಎಷ್ಟಾಯ್ತು ಅಂತ ಹೇಳಿದ ಮೇಲೂ ಅಪ್ಪ ಇಡೋದಿಲ್ಲ. "ನಿನ್ನ ಸೈನಿಕ ಆರಾಮಿದಾನೆ" ಅಂತಾರೆ...