ಆಗುಂಬೆಯ ಮಳೆ, ಸಿರ್ಗಾಪುರದ ಮುಗಿಲು

ಎತ್ತರ ಹೆಚ್ಚಿದಂತೆ ಮಳೆಯೂ ಹೆಚ್ಚುವುದೆಂದು ಅನೇಕ ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಒಂದು ದಿನ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ನಮ್ಮ ಜಹೀರಾಬಾದೂ ಆಗುಂಬೆಯಷ್ಟೇ ಎತ್ತರ ಅದಲ್ರೀ ಸರ್, ಮತ್ತ ನಮಗ್ಯಾಕ ಅಷ್ಟು ಮಳಿ ಇಲ್ರೀ?" ಎಂದು ಕೇಳಿದನು. ಭೂಪಟ ನೋಡಿದೆ. ಎರಡೂ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮುಂದಿನ ಆಷಾಢದಲ್ಲಿ ಆಗುಂಬೆಗೆ ಹೊರಟೆ. ಉಡುಪಿಯಿಂದ ಹೆಬ್ರಿ, ಸೋಮೇಶ್ವರದವರೆಗೆ ಬೆವರಿಳಿಸುವ ಸೆಕೆ. ಅಲ್ಲಿಂದ ಘಟ್ಟದ 14 ತಿರುವುಗಳು. ಏರುತ್ತ ಹೋದಂತೆ ಮೋಡವು ಬಸ್ಸಿನ ಕಿಟಕಿಯೊಳಕ್ಕೇ ನುಗ್ಗಿತು. ಮೇಲೆ ತಲುಪಿದಾಗ ಕೊಡೆ ಬಿಡಿಸಿದ್ದೂ ವ್ಯರ್ಥವಾಯಿತು.

ಅಲ್ಲಿ ನಿಂತಾಗ ವಿಷಯ ಹೊಳೆಯಿತು. ಅರಬ್ಬೀ ಸಮುದ್ರದ ತೇವಗಾಳಿಗೆ ಘಟ್ಟವು ಅಡ್ಡಗೋಡೆ. ಗಾಳಿ ಮೇಲೇರಲೇಬೇಕು, ಏರಿದರೆ ತಂಪಾಗುವುದು, ತಂಪಾದರೆ ನೀರನ್ನು ಹಿಡಿದಿಡಲಾರದು. ಆದುದರಿಂದಲೇ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕ ಮಳೆ. ತೀರ್ಥಹಳ್ಳಿಯ ಮಾರ್ಗವಾಗಿ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಮಳೆ ತೆಳುವಾಗಿತ್ತು. ಗೋಡೆ ದಾಟಿ ಇಳಿದ ಗಾಳಿ ಬೆಚ್ಚಗಾಗಿ ಒಣಗುವುದು. ಇದೇ ಮಳೆಯ ನೆರಳು.

ನಮ್ಮ ಸೀಮೆಯಾದರೋ ಆ ಕಡಲಿನಿಂದ 400 ಕಿಲೋಮೀಟರಿಗೂ ದೂರದ ಸಪಾಟು ಪ್ರಸ್ಥಭೂಮಿ. ಎತ್ತರವುಂಟು, ಗಾಳಿಗೆ ಎದುರಾದ ಗೋಡೆಯಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಕೃಪೆ ತೋರಿದರೆ ನಮ್ಮ ತೊಗರಿ, ಜೋಳ ಉಳಿಯುತ್ತವೆ.

ಹಿಮದ ಮಾತೂ ಇದೇ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುವುದು. ಕರಾವಳಿಯಲ್ಲಿ 30 ಡಿಗ್ರಿಯಿದ್ದರೆ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 17ರ ಮೇಲೆಯೇ; ಅಲ್ಲಿ ಮಂಜು ಕವಿದೀತು, ಹಿಮ ಬೀಳದು. ಹಿಮಾಲಯದ ಶಿಖರಗಳಲ್ಲಿ ಅದೇ ತೇವ ಹಿಮವಾಗಿ ಬೀಳುತ್ತದೆ.

ಊರಿಗೆ ಮರಳಿದ ಮೊದಲ ದಿನವೇ ಕರಿಹಲಗೆಯ ಮೇಲೆ ಕಡಲು, ಗೋಡೆ, ಬಯಲು ಮೂರನ್ನೂ ಬರೆದೆ. ಇಷ್ಟು ವರ್ಷ ನಾನು ಕಲಿಸಿದ್ದು ಅರ್ಧ ಪಾಠವೆಂದು ಮಕ್ಕಳೆದುರೇ ಒಪ್ಪಿಕೊಂಡೆ. ಪ್ರಶ್ನೆ ಕೇಳಿದ ಹುಡುಗ ಮತ್ತೆ ಎದ್ದನು: "ಗ್ವಾಡಿ ಕಟ್ಟಾಕ ಆಗಂಗಿಲ್ಲ ಸರ್, ಕೆರಿ ಹೂಳು ತೆಗೀಬಹುದಲ್ರೀ?"

ಈ ಸಲ ಉತ್ತರಕ್ಕೆ ನಾನು ದೂರ ಹೋಗಬೇಕಾಗಿರಲಿಲ್ಲ.