ಬೀಗ ತೆಗೆದ ಕಂಪ್ಯೂಟರ್ ಕೋಣೆ

ಪಾವಗಡ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಲೇ ನನ್ನ ಸರ್ವಿಸ್ ಮುಗಿಯಿತು. ನಮ್ಮ ಕಡೆಯ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಮಾಹಿತಿ ಸಿಂಧು ಯೋಜನೆಯ ಕಾಲದಲ್ಲಿ, 2001ರ ನಂತರ. ಕಂಪ್ಯೂಟರ್ ಕೋಣೆಯ ಕಿಟಕಿಗೆ ಗ್ರಿಲ್, ಬಾಗಿಲಿಗೆ ಬೀಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಯಂತ್ರದ ಮುಂದೆ ನಾಲ್ಕೈದು ಮಕ್ಕಳು. ಮೌಸ್ ಒಬ್ಬನ ಕೈಯಲ್ಲಿ, ಉಳಿದವರು ನೋಡುವವರು. ಕರೆಂಟ್ ಇದ್ದ ದಿನ ಪೇಂಟ್‌ನಲ್ಲಿ ಮನೆ, ತೆಂಗಿನಮರ ಬರೆಯುತ್ತಿದ್ದರು. ಸ್ಟಾಕ್ ರಿಜಿಸ್ಟರಿನ ಸಾಮಾನು ಕೆಟ್ಟರೆ ತಮ್ಮ ತಲೆಗೆ ಬರುತ್ತದೆಂಬ ಭಯ ಮುಖ್ಯೋಪಾಧ್ಯಾಯರಿಗೆ. ಅವರನ್ನು ದೂರುವಂತಿರಲಿಲ್ಲ.

ಆ ಕೋಣೆಯ ಬೀಗ ತೆಗೆಸಿದ್ದು ನೀರು.

ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಗ್ರೂಪ್ ಫೋಟೊ ತೆಗೆಸುವಾಗ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದರು. ಫ್ಲೋರೈಡ್‌ನಿಂದ ಬರುವ ಈ ಫ್ಲೋರೋಸಿಸ್ ಬಗ್ಗೆ ಹೇಳುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹಂಗಾದ್ರೆ ನಮ್ಮೂರಲ್ಲಿ ಯಾವ ಬೋರಿನ ನೀರು ಕುಡೀಬೇಕು?” ಎಂದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದೆ. ಅದರಲ್ಲಿ 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಸಮಸ್ಯೆಯೊಂದನ್ನು ತಾವೇ ಅಧ್ಯಯನ ಮಾಡಿ ಮಂಡಿಸಬೇಕು. ಆ ಸಮಾವೇಶಕ್ಕೆ ಅವಳ ಪ್ರಶ್ನೆಯನ್ನೇ ಎತ್ತಿಕೊಂಡೆವು.

ನೀರುಗಂಟಿಯ ಹಿಂದೆ ಹಿಂದೆ ಮಕ್ಕಳು ಊರೆಲ್ಲ ಸುತ್ತಿ ಬಾಟಲಿಗಳಲ್ಲಿ ನೀರು ತಂದರು. ಪರೀಕ್ಷೆಯ ಕಿಟ್ ಸರಳ: ನೀರಿಗೆ ಕೆಂಪು ದ್ರಾವಣ ಸೇರಿಸಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಹಳದಿಗೆ ತಿರುಗುತ್ತದೆ. ಅದನ್ನು ಬಣ್ಣದ ಚಾರ್ಟಿನ ಪಕ್ಕ ಹಿಡಿದು ಓದಬೇಕು. “ಇದು ಹಳದಿ”, “ಇಲ್ಲ ಕಣೇ, ಇನ್ನೂ ಕೆಂಪೈತೆ” ಎಂಬ ಜಗಳ ಮುಗಿಯುವ ತನಕ ನಾನು ಬಾಯಿ ಹಾಕುತ್ತಿರಲಿಲ್ಲ. ಅಂಕಿಗಳನ್ನು ಕಂಪ್ಯೂಟರಿನಲ್ಲಿ ತುಂಬಿ ಗ್ರಾಫ್ ತೆಗೆದಾಗ ಒಂದೇ ಕಂಬ ಮೇಲೇರಿ, ಮಿಕ್ಕವೆಲ್ಲ ನೆಲಕ್ಕೆ ಅಂಟಿಕೊಂಡವು. ಯಾರೋ 2.5 ಎನ್ನುವ ಕಡೆ ಚುಕ್ಕಿ ಬಿಟ್ಟು 25 ಹೊಡೆದಿದ್ದರು. ಕಂಡುಹಿಡಿದವರು ಮಕ್ಕಳೇ. ತಿದ್ದಿ ಸುಮ್ಮನಾಗಲಿಲ್ಲ, ಆ ಬೋರಿನ ನೀರನ್ನು ಮತ್ತೆ ತಂದು ಪರೀಕ್ಷಿಸಿದರು. ದಶಮಾಂಶ ಬಿಂದುವಿನ ಬೆಲೆ ಇಷ್ಟು ಚೆನ್ನಾಗಿ ಯಾವ ಗಣಿತದ ಪಿರಿಯಡ್‌ನಲ್ಲೂ ತಿಳಿದದ್ದನ್ನು ನಾನು ನೋಡಿಲ್ಲ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನದಂಡ. ಮಕ್ಕಳು ಗ್ರಾಫಿನ ಮೇಲೆ ಆ ಗೆರೆ ಎಳೆದು, ಮಕ್ಕಳ ಗ್ರಾಮಸಭೆಯಲ್ಲಿ ತೋರಿಸಿದರು. ಕನ್ನಡದಲ್ಲಿ ವರದಿ ಓದಿ, ಮುಂದೆ ಕೂತಿದ್ದ ಅಜ್ಜಿಯರಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಆ ಗೆರೆ ಮೀರಿ ಮೇಲೇರಿದ ಅಂಕಿಯ ಒಂದು ಕೈಪಂಪಿಗೆ ಪಂಚಾಯಿತಿಯವರು ಕೆಂಪು ಬಣ್ಣ ಬಳಿಸಿದರು. ಊರಿನ ನೀರೇನೂ ಅದರಿಂದ ಸಿಹಿಯಾಗಲಿಲ್ಲ; ಶುದ್ಧ ನೀರಿನ ಘಟಕ ಬರಲು ಮತ್ತೆ ವರ್ಷಗಳು ಹಿಡಿದವು. ಆದರೆ ಪೇಂಟ್‌ನಲ್ಲಿ ತೆಂಗಿನಮರ ಬರೆಯುತ್ತಿದ್ದ ಕೋಣೆಗೆ ಮಕ್ಕಳು ಸಂಜೆ ಬೆಲ್ ಹೊಡೆದ ಮೇಲೂ ಬರತೊಡಗಿದರು. ಬೀಗದ ಕೈ ಅವರ ಲೀಡರ್ ಹತ್ತಿರವೇ ಇರುತ್ತಿತ್ತು.

ಈಗ ಸಲಕರಣೆ ಎಷ್ಟೋ ಹೆಚ್ಚಿದೆ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್, 2017ರಿಂದ ಆನ್‌ಲೈನ್ ಪಾಠಗಳ ದೀಕ್ಷಾ, ಮೇಲೆ ಸ್ಮಾರ್ಟ್ ಕ್ಲಾಸ್. ಸಂತೋಷವೇ. ಆದರೆ ಕೆಲವು ಕಡೆ ಹೋಗಿ ನೋಡಿದರೆ ಮಕ್ಕಳು ಮತ್ತೆ ಕೈಕಟ್ಟಿ ಕೂತು ಪರದೆ ನೋಡುತ್ತಿದ್ದಾರೆ, ಸೆನ್ಸರ್‌ಗಳು ಡಬ್ಬದಲ್ಲೇ ಇವೆ. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ: ಡಬ್ಬ ಬಿಚ್ಚುವ ಮೊದಲು ಮಕ್ಕಳನ್ನು ಅವರ ಊರಿನ ಕೆರೆ, ಬೋರು, ಹೊಲದ ಬಗ್ಗೆ ಒಂದು ಪ್ರಶ್ನೆ ಕೇಳಲು ಬಿಡಿ. ಆಮೇಲೆ ಬೀಗದ ಕೈ ಅವರಿಗೇ ಕೊಡಿ.