ಎತ್ತಿಗೆ ರಜೆ, ನಮಗೆ ಡ್ಯೂಟಿ

ಸೋಮವಾರ ಬೆಳಿಗ್ಗೆ, ಹೊನ್ನಾಳಿಯಿಂದ ದಾವಣಗೆರೆಗೆ ಹೊರಟ ಬಸ್ಸಲ್ಲಿ ನಿಂತಿದ್ದೀನಿ. ಕಾಲಿಡೋಕೂ ಜಾಗ ಇಲ್ಲ, ಒಬ್ಬರ ಮುಖದಲ್ಲೂ ನಗು ಇಲ್ಲ. ಶುಕ್ರವಾರ ಸಂಜೆ ಇದೇ ಬಸ್ಸಲ್ಲಿ ಇವರೇ ಎಷ್ಟು ಹರಟ್ತಾರೆ! ನಾಲ್ಕನೇ ಶನಿವಾರ ಬಂತಂದ್ರೆ ಸರ್ಕಾರಿ ನೌಕರರಿಗಂತೂ ಇನ್ನೂ ಖುಷಿ, 2019ರಿಂದ ಅದೂ ರಜೆ.

ಆದ್ರೆ ನಮ್ಮ ಕಡೆ, ಚನ್ನಗಿರಿ ಇರಲಿ ಜಗಳೂರಿರಲಿ, ಹಳೇ ರೈತರ ಮನೇಲಿ ಸೋಮವಾರ ಅಂದ್ರೆ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡೋ ಹಾಗಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಕಟ್ಟೋದು. ಎತ್ತಿಗೆ ಬಿಡುವು ಸಿಕ್ಕರೆ ಬೇಸಾಯ ಮಾಡೋನಿಗೂ ಬಿಡುವು. ನಮ್ಮಜ್ಜ ವಾರದಲ್ಲಿ ಅತಿ ನಿರಾಳವಾಗಿ ಇರ್ತಿದ್ದದ್ದೇ ಸೋಮವಾರ. ಈಗಿನ ಟ್ರ್ಯಾಕ್ಟರಿಗೆ ಯಾವ ವಾರವೂ ಇಲ್ಲ.

ನ್ಯಾಮತಿ ಕಡೆಯವರೇ, ನಿಮ್ಮೂರಲ್ಲಿ ಈಗಲೂ ಸೋಮವಾರ ಎತ್ತು ಹೂಡಲ್ವಾ? ಹೇಳ್ರಿ.